ಎಲೆಅಡಿಕೆ ಹಾಕದ ಸರ್ಕಾರ

ಹೋದ ವಾರ ಬೆಳಗಿನ ವಾಕಿಂಗ್ ಮುಗಿಸಿ ಬಂದಾಗ ನನ್ನ ಮನೆಯ ಕಾಂಪೌಂಡ್ ಗೋಡೆಗೆ ಇಬ್ಬರು ಪೋಸ್ಟರ್ ಅಂಟಿಸುತ್ತಿದ್ದರು. ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರು ಮಾಡುವ ಯಾವುದೋ ಕೋಚಿಂಗ್ ಸೆಂಟರಿನದು. ಗೋಡೆಗೆ ಬಣ್ಣ ಬಳಿಸಿ ತಿಂಗಳಾಗಿರಲಿಲ್ಲ. ಕೀಳಿಸಿದೆ. ಒಳಗಿನಿಂದ ಬಕೆಟ್ಟು ತಂದುಕೊಟ್ಟು ಅವರ ಕೈಯಲ್ಲೇ ತೊಳೆಸಿದೆ. "ಸಾರಿ ಅಂಕಲ್, ಟೆನ್ಶನ್ ಮಾಡ್ಕೋಬೇಡಿ" ಅಂದ ಒಬ್ಬ. ಟೆನ್ಶನ್ ಏನೂ ಇರಲಿಲ್ಲ. ಗೋಡೆ ಗೋಡೆಯ ಹಾಗಿರಬೇಕು, ಅಷ್ಟೆ. ಅವರು ಹೋದ ಮೇಲೂ ಗೇಟಿನ ಹತ್ತಿರ ಮೈದಾ ಗೋಂದಿನ ಹುಳಿ ವಾಸನೆ ಉಳಿದಿತ್ತು. ಮೈಲುತುತ್ತ ಬೆರೆಸಿ ಕುದಿಸಿದ ಗೋಂದು... ಎಂದೂ ತಪ್ಪದ ಪೇಪರ್ ಓದುವ ಹೊತ್ತನ್ನು ಅಂದು ತಪ್ಪಿಸಿ, ಮೆಟ್ಟಿಲ ಮೇಲೆ ಸುಮ್ಮನೆ ಕುಳಿತೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮೂರ ಚಾವಡಿಯ ಗೋಡೆಗೆ ಇಂಥದೇ ಗೋಂದಿನಲ್ಲಿ ಒಂದು ಸರ್ಕಾರಿ ಕಾಗದ ಅಂಟಿಸಿದ್ದರು. ಅದನ್ನು ಊರಿನಲ್ಲಿ ಕೊನೆಯ ಸಾಲಿನವರೆಗೆ ಓದಿದವರು ಒಬ್ಬರೇ, ನಮ್ಮ ಮೇಷ್ಟ್ರು.

ನಮ್ಮೂರು ಯಲಹಂಕದಿಂದ ಸಿಂಗಾಪುರದ ಕಡೆಗೆ ಹೋಗುವ ದಾರಿಯಿಂದ ಒಳಗೆ. ಈಗ ಅದಕ್ಕೆ ಒಂದು ಲೇಔಟಿನ ಹೆಸರು, ಬ್ಲಾಕು, ಕ್ರಾಸು ಎಲ್ಲ ಬಂದಿವೆ. ಆಗ ಒಂದು ಕೆರೆ, ಅದರ ಏರಿ, ಏರಿಯ ಕೆಳಗೆ ಗದ್ದೆಬಯಲು, ಏರಿಯ ಮೇಲ್ಭಾಗದಲ್ಲಿ ರಾಗಿ ಹೊಲ, ನಡುವೆ ಊರು. ನಮ್ಮ ತಂದೆ ಪಟೇಲರು. ಪಟೇಲಿಕೆ ಇನ್ನೂ ರದ್ದಾಗಿರಲಿಲ್ಲ. ರದ್ದಾಗುತ್ತದಂತೆ ಅನ್ನುವ ಸುದ್ದಿ ಮಾತ್ರ ಸಂತೆಯಿಂದ ಬಂದವರ ಬಾಯಲ್ಲಿತ್ತು. ಮೇಷ್ಟ್ರು ಯಲಹಂಕದ ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ, ಪೌರನೀತಿ ಹೇಳಿಕೊಡುತ್ತಿದ್ದರು. ಕೋಲಾರದ ಕಡೆಯವರು, ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ. ನಮ್ಮ ಮನೆಯ ಜಗಲಿಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದರು. ಬಾಡಿಗೆ ಅನ್ನುವುದು ಹೆಸರಿಗೆ. ಅವ್ವ ಮುದ್ದೆಗೆ ಎಸರಿಡುವಾಗ ಅವರದೂ ಸೇರಿಸಿಯೇ ಇಡುತ್ತಿದ್ದಳು.

ಇವತ್ತಿಗೂ ನಾನು ಐದು ಗಂಟೆಗೆ ಏಳುವುದು, ಚಪ್ಪಲಿಯನ್ನು ಗೋಡೆಗೆ ಸಮವಾಗಿ ಬಿಡುವುದು, ಓದಿದ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡುವುದು, ಎಲ್ಲ ಅವರಿಂದ ಬಂದದ್ದು. ಅವರು ಕೂಗಿ ಎಬ್ಬಿಸಿದವರಲ್ಲ. ಕೋಣೆಯ ಬಾಗಿಲು ತೆರೆದು ಜಗಲಿಗೆ ನೀರು ಚಿಮುಕಿಸಿ ತಾವೇ ಗುಡಿಸಲು ಶುರುಮಾಡುತ್ತಿದ್ದರು. ಮೇಷ್ಟ್ರು ಕಸ ಗುಡಿಸುವಾಗ ಪಟೇಲರ ಮಗ ಮಲಗಿರುವುದಾದರೂ ಹೇಗೆ? ನಾಲ್ಕು ದಿನ ನಾಚಿಕೆಯಿಂದ ಎದ್ದೆ. ಆಮೇಲೆ ಅಭ್ಯಾಸವಾಯಿತು. ಹೈಸ್ಕೂಲು ಮುಗಿಸಿ ನಾನು ಯಲಹಂಕದಿಂದ ರೈಲು ಹಿಡಿದು ಸಿಟಿಯ ಕಾಲೇಜಿಗೆ ಹೋಗುವಾಗಲೂ ಈ ಕ್ರಮ ಬದಲಾಗಲಿಲ್ಲ. ಅಲ್ಲಿ ನನ್ನ ವಿಷಯ ರಾಜ್ಯಶಾಸ್ತ್ರ. ಅದನ್ನು ಆರಿಸಿಕೊಳ್ಳಲು ಕಾರಣವೂ ಅವರೇ.

ಹೈಸ್ಕೂಲಿನ ಪುಸ್ತಕದಲ್ಲಿ ರಾಜ್ಯ ಹೇಗೆ ಹುಟ್ಟಿತು ಅನ್ನುವುದಕ್ಕೆ ಅರ್ಧ ಪುಟವಿತ್ತು. ಮೇಷ್ಟ್ರು ಅದನ್ನು ವಾರಗಟ್ಟಲೆ ಹಿಗ್ಗಿಸುತ್ತಿದ್ದರು. ರಾಜ್ಯವನ್ನು ದೇವರು ಕೊಟ್ಟ ಅನ್ನುವವರಿದ್ದಾರೆ. ಬಲವಿದ್ದವನು ಹೊಡೆದು ಕಟ್ಟಿದ ಅನ್ನುವವರಿದ್ದಾರೆ. ಮನೆಯ ಯಜಮಾನಿಕೆಯೇ ಬೆಳೆದು ರಾಜ್ಯವಾಯಿತು ಅನ್ನುವವರಿದ್ದಾರೆ. ಜನ ಕೂತು ಒಪ್ಪಂದ ಮಾಡಿಕೊಂಡರು ಅನ್ನುವವರಿದ್ದಾರೆ. ಇವುಗಳಲ್ಲಿ ಯಾವುದು ಸರಿ ಎಂದು ಅವರು ಹೇಳುತ್ತಿರಲಿಲ್ಲ. ನಿಮ್ಮ ನಿಮ್ಮ ಊರಿನಲ್ಲಿ ಸಾಕ್ಷಿ ಹುಡುಕಿಕೊಂಡು ಬನ್ನಿ ಎನ್ನುತ್ತಿದ್ದರು. ಪರಮಾಧಿಕಾರದ ಪಾಠ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಯಾರ ಮೇಲೆ ಇನ್ನೊಬ್ಬರಿಲ್ಲವೋ ಅವರೇ ಪರಮಾಧಿಕಾರಿ ಎಂದು ಹೇಳಿ, ಹಿಂದಿನ ಬೆಂಚಿನ ಒಬ್ಬನನ್ನು ಎಬ್ಬಿಸಿದರು.

"ನಿಮ್ಮನೇಲಿ ಯಾರಯ್ಯಾ ಪರಮಾಧಿಕಾರಿ?"

"ನಮ್ಮಪ್ಪ ಸಾ."

"ಅಪ್ಪನ ಮೇಲೆ ಯಾರೂ ಇಲ್ವೋ?"

"ನಮ್ಮಜ್ಜಿ ಅವ್ಳೆ ಸಾ."

"ಅಜ್ಜಿ ಮೇಲೆ?"

ಅವನು ಸ್ವಲ್ಪ ಯೋಚಿಸಿ, "ಅಮಾಸೆ ದಿನ ದೇವ್ರು ಬತ್ತದೆ ಸಾ" ಅಂದ. ಇಡೀ ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಕಪ್ಪು ಹಲಗೆಯತ್ತ ತಿರುಗಿ "ದೈವೀ ಸಿದ್ಧಾಂತ" ಎಂದು ಬರೆದು, "ಸಾಕ್ಷಿ ಸಿಕ್ತು, ಕೂತ್ಕೋ" ಅಂದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಪ್ಪಂದದ ಸಿದ್ಧಾಂತ. ಅದಕ್ಕೆ ನಮ್ಮೂರ ಚಾವಡಿಯೇ ಕಾರಣ. ನಮ್ಮೂರಿನಲ್ಲಿ ಎರಡು ಕಡೆಯವರ ನಡುವೆ ಯಾವುದೇ ಮಾತು ಮುಗಿಯಬೇಕಾದರೆ ವೀಳ್ಯದ ತಟ್ಟೆ ಬರಬೇಕಾಗಿತ್ತು. ಕೆರೆ ನೀರಿನ ಸರದಿಯಾಗಲಿ, ಹೊಲದ ಬದುವಾಗಲಿ, ಎತ್ತಿನ ವ್ಯಾಪಾರವಾಗಲಿ. ಕೇಳುವವನು ಮೊದಲು ಎಲ್ಲರೆದುರು ವಿಷಯ ಹೇಳಬೇಕು. ಹೇಳಿದ ಮೇಲೆ ತಟ್ಟೆ ಮುಂದಿಡಬೇಕು. ಒಪ್ಪಿಗೆಯಿಲ್ಲದವನು ತಟ್ಟೆಯನ್ನು ಬೆರಳಲ್ಲಿ ಮುಟ್ಟಿ ಹಿಂದಕ್ಕೆ ಸರಿಸುತ್ತಿದ್ದ. ಅದರಿಂದ ಯಾರಿಗೂ ಬೇಜಾರಿರಲಿಲ್ಲ. ಒಪ್ಪಿಗೆಯಿದ್ದವನು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಅವನ ಬಾಯಿ ಕೆಂಪಾಗುವ ತನಕ ಯಾರೂ ಏಳುವಂತಿಲ್ಲ. ಅಷ್ಟಾದ ಮೇಲೆ ಮಾತು ಮುಗಿಯಿತು. ಅದರ ಮೇಲೆ ಬರಹ ಕೇಳಿದರೆ, ಸಾಕ್ಷಿ ಕೇಳಿದರೆ, ಕೇಳಿದವನೇ ಮಾತಿಗೆ ತಪ್ಪಿದ ಹಾಗೆ. ಅಂಥವನ ಮನೆಯ ಮದುವೆಗೆ ಊರು ಚಪ್ಪರ ಹಾಕುತ್ತಿರಲಿಲ್ಲ.

ಮೇಷ್ಟ್ರು ಬಂದ ಮೊದಲ ವರ್ಷ ಇದನ್ನು ನೋಡಿ ಹಿಗ್ಗಿಹೋದರು. ಒಪ್ಪಂದದ ಸಿದ್ಧಾಂತಕ್ಕೆ ಚರಿತ್ರೆಯಲ್ಲಿ ಸಾಕ್ಷಿಯೇ ಇಲ್ಲ ಎಂದು ದೊಡ್ಡ ದೊಡ್ಡ ಪಂಡಿತರು ಬರೆದಿದ್ದಾರೆ, ಅವರು ಒಮ್ಮೆ ನಮ್ಮೂರಿಗೆ ಬಂದು ಹೋಗಲಿ ಎನ್ನುತ್ತಿದ್ದರು. ಸಂಜೆ ಜಗಲಿಯಲ್ಲಿ ತಂದೆಯ ಜೊತೆ ಕುಳಿತು, ರಾಜರಿಗಿಂತ ಮೊದಲು ಜನ ಹೀಗೇ ಸೇರಿರಬೇಕು, ಹೀಗೇ ಮಾತು ಕೊಟ್ಟು ಮಾತು ತೆಗೆದುಕೊಂಡಿರಬೇಕು, ಸರ್ಕಾರ ಅನ್ನುವುದು ಹುಟ್ಟಿದ್ದೇ ಇಂಥ ತಟ್ಟೆಯಿಂದ ಎಂದು ವಿವರಿಸುತ್ತಿದ್ದರು. ತಂದೆಗೆ ಓದು ಕಡಿಮೆ. ಆದರೆ ಕೇಳಿದ್ದನ್ನು ಮರೆಯುವವರಲ್ಲ. ತಮ್ಮ ಚಾವಡಿಯ ಹಿತ್ತಾಳೆ ತಟ್ಟೆಗೆ ಇಷ್ಟು ದೊಡ್ಡ ಮರ್ಯಾದೆ ಇದೆ ಎಂದು ಓದಿದವರೊಬ್ಬರು ಹೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ?

ಮೇಷ್ಟ್ರ ಮೇಲಿನ ನನ್ನ ಸಿಟ್ಟು ಇಲ್ಲಿಂದಲೇ ಶುರುವಾಗುತ್ತದೆ. ಏಕೆಂದರೆ ಆ ಪಾಠಕ್ಕೆ ಇನ್ನೊಂದು ಅರ್ಧವಿತ್ತು. ಒಪ್ಪಂದದಲ್ಲಿ ಎರಡು ಬಗೆ. ಒಂದರಲ್ಲಿ ಆಳುವವನೂ ಒಪ್ಪಂದದ ಒಳಗಿರುತ್ತಾನೆ. ತಪ್ಪಿದರೆ ಅವನನ್ನು ಕೇಳಬಹುದು. ಇನ್ನೊಂದರಲ್ಲಿ ಜನ ತಮ್ಮ ತಮ್ಮಲ್ಲೇ ಮಾತು ಮಾಡಿಕೊಂಡು ಎಲ್ಲವನ್ನೂ ಒಬ್ಬನ ಕೈಗೆ ಒಪ್ಪಿಸುತ್ತಾರೆ. ಅವನು ಒಪ್ಪಂದದ ಹೊರಗೆ ನಿಂತಿರುತ್ತಾನೆ. ಅವನು ಯಾರಿಗೂ ಮಾತು ಕೊಟ್ಟಿರುವುದಿಲ್ಲ, ಆದ್ದರಿಂದ ತಪ್ಪುವ ಪ್ರಶ್ನೆಯೇ ಇಲ್ಲ. ಈ ಎರಡನೆಯದನ್ನು ಮೇಷ್ಟ್ರು ತರಗತಿಯಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ಜಗಲಿಯಲ್ಲಂತೂ ಹೇಳಲೇ ಇಲ್ಲ. ಯಾಕೆ ಹೇಳಲಿಲ್ಲ... ಅತಿಥಿಯಾಗಿದ್ದ ಮನೆಯಲ್ಲಿ ಯಜಮಾನನ ಖುಷಿ ಕೆಡಿಸುವುದು ಬೇಡ ಎಂದಿರಬಹುದು. ಅಥವಾ ಅವರೇ ಅದನ್ನು ನಂಬಲು ಇಷ್ಟಪಡುತ್ತಿರಲಿಲ್ಲವೋ ಏನೋ.

ಆ ವರ್ಷ ಸುಗ್ಗಿ ಮುಗಿದ ಮೇಲೆ ತಮಟೆ ಬಾರಿಸಿ ಸಾರಿ, ಚಾವಡಿಯ ಗೋಡೆಗೆ ಕಾಗದ ಅಂಟಿಸಿದರು. ಸಾರ್ವಜನಿಕ ಉದ್ದೇಶಕ್ಕಾಗಿ, ಅಂದರೆ ಒಂದು ಕಾರ್ಖಾನೆಗಾಗಿ, ಕೆರೆಯ ಕೆಳಗಿನ ಗದ್ದೆಬಯಲನ್ನು ಸರ್ಕಾರ ತೆಗೆದುಕೊಳ್ಳುತ್ತದೆ ಎಂದು ಅದರಲ್ಲಿತ್ತು. ಸರ್ವೆ ನಂಬರುಗಳ ಪಟ್ಟಿಯನ್ನು ಶಾನುಭೋಗರು ಓದಿ ಹೇಳಿದರು. ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ, ತಕರಾರು ಇರುವ ಹಿಡುವಳಿದಾರರು ಗಡುವಿನೊಳಗೆ ಬರಹದಲ್ಲಿ ಸಲ್ಲಿಸಬೇಕು ಎಂದಿತ್ತು. ಮೇಷ್ಟ್ರು ಶಾಲೆಯಿಂದ ಬಂದವರು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ನಿಂತೇ ಅದನ್ನು ಓದಿದರು. ಮನೆಗೆ ಬಂದು ಕೈಕಾಲು ತೊಳೆಯದೆ ತಂದೆಯ ಎದುರು ಕುಳಿತರು. ಹಾಗೆ ಕುಳಿತದ್ದು ನಾನು ಅದೇ ಮೊದಲು ಕಂಡದ್ದು.

ಊರಿಗೆ ಆ ಗದ್ದೆಬಯಲೇ ಜೀವ. ಮೇಲಿನ ಹೊಲ ಮಳೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆರೆಯ ಕೆಳಗಿನದು ಹಾಗಲ್ಲ. ಬೇಕಾದರೆ ಮೇಲಿನ ಹೊಲ ತೆಗೆದುಕೊಳ್ಳಲಿ, ಕಾರ್ಖಾನೆಗೆ ಒಣ ನೆಲವೇ ಒಳ್ಳೆಯದು, ಗದ್ದೆ ಬಿಡಲಿ ಎಂದು ಊರು ಒಂದೇ ಮಾತಿಗೆ ಬಂತು. ಮೇಷ್ಟ್ರು ಅದನ್ನೇ ಒಳ್ಳೆಯ ಭಾಷೆಯಲ್ಲಿ ಬರೆದು, ಮನೆಗೊಂದರಂತೆ ಅರ್ಜಿ ಸಿದ್ಧ ಮಾಡಲು ಕುಳಿತರು. ನಾನು ಪಕ್ಕದಲ್ಲಿ ಕುಳಿತು ನಕಲು ತೆಗೆದೆ. ಹೆಬ್ಬೆಟ್ಟು ಒತ್ತುವುದಷ್ಟೇ ಬಾಕಿ ಉಳಿದಾಗ ಭೂಸ್ವಾಧೀನದ ಸಾಹೇಬರು ಜಾಗ ನೋಡಲು ಜೀಪಿನಲ್ಲಿ ಬಂದರು.

ಸಾಹೇಬರು ಕೆಟ್ಟವರಲ್ಲ. ಇದನ್ನು ನಾನು ಸಿಟ್ಟಿನಲ್ಲೂ ಹೇಳಬೇಕು. ಬಿಸಿಲಲ್ಲಿ ಏರಿಯ ಮೇಲೆ ನಡೆದರು, ತೂಬು ನೋಡಿದರು, ನಮ್ಮ ಮನೆಯಲ್ಲಿ ಊಟ ಮಾಡಿ ಅವ್ವನ ಉಪ್ಪೆಸರನ್ನು ಹೊಗಳಿದರು. ಊಟವಾದ ಮೇಲೆ ಚಾವಡಿಯಲ್ಲಿ ಊರು ಸೇರಿತು. ತಂದೆ ಪಂಚೆಯ ಮೇಲೆ ಕರಿ ಕೋಟು ಹಾಕಿ ನಿಂತು, ಗದ್ದೆ ಬಿಟ್ಟು ಹೊಲ ತೆಗೆದುಕೊಳ್ಳಿ ಎಂದು ಎಲ್ಲರೆದುರು ವಿಷಯ ಹೇಳಿದರು. ಹೇಳಿ, ತಟ್ಟೆ ಮುಂದಿಟ್ಟರು. ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. ಎಲೆ ಎತ್ತಿಕೊಂಡು ಸುಣ್ಣ ಹಚ್ಚಿ ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡರು. "ಆಗ್ಲಿ ಪಟೇಲ್ರೆ, ಮೇಲಕ್ಕೆ ಬರೀತೀನಿ" ಅಂದರು. ಅವರ ಬಾಯಿ ಕೆಂಪಾಗುವವರೆಗೆ ಯಾರೂ ಮಿಸುಕಲಿಲ್ಲ. ಊಟದ ಮೇಲೆ ಒಂದು ಎಲೆಅಡಿಕೆ ಹಾಕಿಕೊಂಡೆ ಎಂದು ಅವರು ತಿಳಿದರು. ಸರ್ಕಾರ ಮಾತು ಕೊಟ್ಟಿತು ಎಂದು ನಮ್ಮೂರು ತಿಳಿಯಿತು. ಜೀಪು ಹೊರಟಾಗ ನಮ್ಮ ದೊಡ್ಡಪ್ಪ ಹೆಗಲ ಮೇಲಿನ ಟವಲು ಕೊಡವಿ, "ಕೆಲ್ಸ ಆಯ್ತು" ಅಂದ.

ಮೇಷ್ಟ್ರು ಶಾಲೆ ಮುಗಿಸಿ ಬಂದು ನಡೆದದ್ದನ್ನು ಕೇಳಿದರು. ಅರ್ಜಿಗಳ ಕಟ್ಟು ಹಿಡಿದು ಆ ಸಂಜೆಯೇ ಚಾವಡಿಗೆ ಬಂದರು. ಊರಿನ ಮುಖ್ಯರೆಲ್ಲ ಇನ್ನೂ ಅಲ್ಲೇ ಇದ್ದರು. ಎಲೆ ಎಲೆಯ ಪಾಡಿಗೆ, ಅರ್ಜಿ ಅರ್ಜಿಯ ಪಾಡಿಗೆ, ಎರಡೂ ಇರಲಿ ಎಂದು ಮೇಷ್ಟ್ರು ಮೆಲ್ಲಗೆ ಶುರುಮಾಡಿದರು. ತಂದೆ ತಲೆಯಾಡಿಸಿದರು.

"ಎಲೆ ಬಾಯ್ಗೆ ಆಕ್ಕಂಡವ್ರೆ ಮೇಷ್ಟ್ರೆ. ಇನ್ಮೇಲೆ ಅರ್ಜಿ ಕೊಟ್ರೆ, ಮಾತ್ ತಪ್ಪಿದೋರು ನಾವೇ ಆಯ್ತೀವಿ."

"ಎಲೆ ಹಾಕ್ಕೊಂಡಿದ್ದು ಆ ಮನುಷ್ಯ, ಪಟೇಲ್ರೆ. ನಾಳೆ ಅವರಿಗೆ ವರ್ಗ ಆದ್ರೆ? ಸರ್ಕಾರ ಎಲೆಅಡಿಕೆ ಹಾಕಲ್ಲ. ಅದಕ್ಕೆ ಬಾಯಿಲ್ಲ."

"ಬಾಯಿಲ್ದೇನೇ ವರ್ಸವರ್ಸ ಅಷ್ಟೊಂದು ಕಂದಾಯ ತಿಂತದಾ?" ಅಂದ ದೊಡ್ಡಪ್ಪ. ಚಾವಡಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕುಬಿಟ್ಟರು. ಆ ನಗು ಅವರ ಮಾತಿನ ಬಲವನ್ನು ಅರ್ಧ ತೆಗೆಯಿತು. ಉಳಿದರ್ಧವನ್ನು ನಮ್ಮ ತಂದೆ ತೆಗೆದರು.

"ನೀವೇ ಅಲ್ವಾ ಮೇಷ್ಟ್ರೆ, ನಮ್ ಜಗಲಿ ಮ್ಯಾಲೆ ಕುಂತು ಯೋಳಿದ್ದು, ಸರ್ಕಾರ ಉಟ್ಟಿದ್ದೇ ಇಂಗೆ ಅಂತ? ಉಟ್ಟಿದ್ ತಟ್ಟೆನೇ ಮರ್ತೋಯ್ತದಾ ಅದು?"

ತಂದೆ ಚುಚ್ಚಲು ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು. ಮೇಷ್ಟ್ರು ಅರ್ಜಿಗಳ ಕಟ್ಟಿನ ದಾರ ಬಿಗಿಮಾಡಿದರು. ತರಗತಿಯಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಿದ್ದ ಆ ಇನ್ನರ್ಧ ಪಾಠವನ್ನು, ಹೊರಗೆ ನಿಂತ ಆ ಒಬ್ಬನ ಕಥೆಯನ್ನು, ಹೇಳಲು ಅದೇ ಹೊತ್ತು. ಅವರು ಹೇಳಲಿಲ್ಲ. ನಾನು ಹೇಳಿದೆ. ಸಾಹೇಬರು ನಮ್ಮ ಒಪ್ಪಂದದ ಒಳಗೆ ಬಂದೇ ಇಲ್ಲ, ಅವರಿಗೆ ಅದು ಗೊತ್ತೂ ಇಲ್ಲ ಎಂದು ಕಾಲೇಜಿನ ಭಾಷೆಯಲ್ಲಿ ಜೋರಾಗಿ ಹೇಳಿದೆ. "ಸುಮ್ಕಿರ್ಲಾ, ದೊಡ್ಡೋರ್ ಮಾತಾಡ್ತಾವ್ರೆ" ಅಂದರು ತಂದೆ. ಮೇಷ್ಟ್ರು ನನ್ನ ಭುಜ ಹಿಡಿದು ಕೂರಿಸಿದರು.

ಆಮೇಲಿನ ದಿನಗಳಲ್ಲಿ ಅವರು ಮನೆಮನೆಗೆ ಹೋದರು. ಶಾಲೆಯಿಂದ ಬಂದು, ಮುಖ ತೊಳೆದು, ಕಟ್ಟು ಹಿಡಿದು ಹೊರಡುವುದು. ಕತ್ತಲಾಗುವ ಮೊದಲು ಬರಿಗೈಯಲ್ಲಿ ಬರುವುದು. ಎಲ್ಲ ಮನೆಯಲ್ಲೂ ಮಜ್ಜಿಗೆ ಕೊಟ್ಟರು, ಮಣೆ ಹಾಕಿದರು, ಕ್ಷೇಮ ಕೇಳಿದರು. ಹೆಬ್ಬೆಟ್ಟು ಮಾತ್ರ ಯಾರೂ ಕೊಡಲಿಲ್ಲ. ಪಟೇಲರ ಮಾತು ಮೀರಿದರೆ ನಾಳೆ ನಮ್ಮ ಮನೆಯ ಮದುವೆಗೆ ಚಪ್ಪರ ಹಾಕುವವರು ಯಾರು ಎಂದು ಒಬ್ಬಾಕೆ ನೇರವಾಗಿಯೇ ಕೇಳಿದಳಂತೆ. ನಾನು ಅರ್ಜಿಗೆ ಸಹಿ ಹಾಕಬಹುದಾಗಿದ್ದರೆ ಹಾಕುತ್ತಿದ್ದೆ. ಜಮೀನು ತಂದೆಯ ಹೆಸರಲ್ಲಿತ್ತು.

ಗಡುವಿನ ಕೊನೆಯ ದಿನ ಮೇಷ್ಟ್ರು ಶಾಲೆಗೆ ರಜೆ ಹಾಕಿದರು. ಅದು ಅವರ ಮೊದಲ ರಜೆ ಎಂದು ಅವ್ವ ಹೇಳುತ್ತಿದ್ದಳು. ಬೆಳಗಿನಿಂದ ಚಾವಡಿಯಲ್ಲಿ ಶಾಯಿಯ ಡಬ್ಬಿ ತೆರೆದಿಟ್ಟು ಕುಳಿತರು. ಜನ ಹೊಲಕ್ಕೆ ಹೋಗುವವರು ಹೋದರು, ಬರುವವರು ಬಂದರು. ಎಲ್ಲರೂ ನಮಸ್ಕಾರ ಮಾಡಿದರು. ಮಧ್ಯಾಹ್ನ ಅವರು ಡಬ್ಬಿ ಮುಚ್ಚಿದರು. ಒಂದು ಹಾಳೆ ತೆಗೆದು, ತಮ್ಮದೇ ಹೆಸರಿನಲ್ಲಿ ಒಂದು ತಕರಾರು ಬರೆದರು. ನಾನು ಈ ಊರಿನ ನಿವಾಸಿ, ಈ ಕೆರೆಯ ನೀರು ಕುಡಿದವನು, ಆದ್ದರಿಂದ ನನ್ನದೂ ಒಂದು ಮಾತಿದೆ ಎಂದು ಅದರಲ್ಲಿತ್ತು. ಅದನ್ನು ಹಿಡಿದು ಸಿಟಿಯ ಕಚೇರಿಗೆ ಹೊರಟರು. ಸ್ಟೇಷನ್ನಿನವರೆಗೆ ನಾನೂ ಹೋದೆ. ದಾರಿಯುದ್ದಕ್ಕೂ ನಾನು ಊರನ್ನು ಬೈದೆ, ಅವರು ಕೇಳಿಸಿಕೊಂಡರು. ರೈಲು ಬಂದಾಗ, "ನಾಳೆ ಕಾಲೇಜ್ ತಪ್ಪಿಸ್ಬೇಡ ಕಣಯ್ಯ" ಅಂದರು. ಅಷ್ಟೇ.

ಅವರ ತಕರಾರನ್ನು ಕಚೇರಿ ತಳ್ಳಿಹಾಕಿತು. ಜಮೀನಿಲ್ಲದವನಿಗೆ ತಕರಾರಿಲ್ಲ. ಆದರೆ ಆ ಕಾಗದ ಅಲ್ಲಿಗೆ ನಿಲ್ಲಲಿಲ್ಲ. ಸರ್ಕಾರದ ಸಂಬಳ ತಿನ್ನುವವನು ಸರ್ಕಾರದ ವಿರುದ್ಧ ಬರೆದಿದ್ದಾನೆ ಎಂದು ಅವರ ಇಲಾಖೆಗೆ ಹೋಯಿತು. ಅಲ್ಲಿಂದ ಒಬ್ಬರು ವಿಚಾರಣೆಗೆ ಬಂದು ಅದೇ ಚಾವಡಿಯಲ್ಲಿ ಕುಳಿತು, ಮೇಷ್ಟ್ರು ಜನರನ್ನು ಎತ್ತಿಕಟ್ಟಿದರೇ ಎಂದು ತಂದೆಯನ್ನು ಕೇಳಿದರು. ತಂದೆ ಸುಳ್ಳು ಹೇಳುವವರಲ್ಲ. ಹೆಬ್ಬೆಟ್ಟು ಒತ್ತಿ ಎಂದು ಮನೆಮನೆಗೆ ಹೋಗಿದ್ದು ನಿಜ ಎಂದರು. ಬಂದವರು ಬರೆದುಕೊಂಡರು. ಬಲು ಒಳ್ಳೆಯ ಮನುಷ್ಯ, ನಮ್ಮ ಒಳಿತಿಗೇ ಮಾಡಿದ್ದು ಎಂದೂ ತಂದೆ ಹೇಳಿದರು. ಅದನ್ನು ಬರೆದುಕೊಳ್ಳಲಿಲ್ಲ. ನಾನು ಕಂಬದ ಪಕ್ಕದಲ್ಲೇ ನಿಂತಿದ್ದೆ. ಲೇಖನಿ ನಿಂತದ್ದನ್ನು ಕಣ್ಣಾರೆ ಕಂಡೆ. ಅದನ್ನೂ ಬರೆಯಿರಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ತಂದೆಯ ಕಡೆ ನೋಡಿದರು. ತಂದೆ ನನ್ನನ್ನು ಹೊರಗೆ ಕಳಿಸಿದರು.

ಮೇಷ್ಟ್ರಿಗೆ ಬೀದರಿನ ಕಡೆಗೆ ವರ್ಗವಾಯಿತು. ರಾಜ್ಯದ ಆ ತುದಿ. ಟ್ರಂಕು, ಹಾಸಿಗೆ ಸುರುಳಿ, ಕೊಡೆ. ಗಾಡಿ ಕಟ್ಟಿಸಿದ್ದು ತಂದೆಯೇ. ಹೊರಡುವ ದಿನ ಅವ್ವ ರೊಟ್ಟಿ ಕಟ್ಟಿಕೊಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಈ ಮನುಷ್ಯನನ್ನು ನೀವೇ ಓಡಿಸಿದಿರಿ, ಗದ್ದೆಯನ್ನೂ ಕಳೆಯುತ್ತೀರಿ ಎಂದು ಅವರೆದುರಿಗೇ ತಂದೆಗೆ ಅಂದೆ. ಮೇಷ್ಟ್ರು ನನ್ನತ್ತ ತಿರುಗಿದರು. ಅವರ ದನಿ ತರಗತಿಯಲ್ಲಿ ಇರುತ್ತಿದ್ದ ಹಾಗೇ ಇತ್ತು.

"ಒಪ್ಪಂದ ಅಂದ್ರೇನು ಅಂತ ನಿಮ್ಮಪ್ಪನಿಗೆ ಗೊತ್ತು. ಎದುರಿಗೆ ಕೂತಿದ್ದೋರಿಗೆ ಗೊತ್ತಿರ್ಲಿಲ್ಲ. ಬೈಯೋದಾದ್ರೆ ಅವರನ್ನ ಬೈಯಿ."

ಈ ಮಾತನ್ನು ಜನ ದೊಡ್ಡತನ ಎನ್ನುತ್ತಾರೆ. ನನಗೆ ಆಗಲೂ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕ್ಷಮಿಸುವ ಹಕ್ಕು ಅವರಿಗಿತ್ತು, ಒಪ್ಪುತ್ತೇನೆ. ಆದರೆ ಅವರು ಕ್ಷಮಿಸಿದ್ದರಿಂದ ಆ ಚಾವಡಿಯಲ್ಲಿ ಯಾರೂ ತಲೆ ತಗ್ಗಿಸುವ ಅಗತ್ಯ ಬೀಳಲಿಲ್ಲ. ಗಾಡಿ ಕೆರೆಯ ಏರಿಯಿಂದ ಆಚೆಗೆ ಇಳಿಯುವವರೆಗೆ ಊರೆಲ್ಲ ನಿಂತು ಕೈಮುಗಿಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಒಂದು ಹೆಬ್ಬೆಟ್ಟಿಗಿಂತ ಕಣ್ಣೀರು ಅಗ್ಗವಾಗಿತ್ತು.

ಮಳೆಗಾಲಕ್ಕೆ ಮೊದಲೇ ಗದ್ದೆಬಯಲಿನಲ್ಲಿ ಕಲ್ಲು ನೆಟ್ಟರು. ತಂದೆ ಊರಿನವರನ್ನು ಕರೆದುಕೊಂಡು ಸಿಟಿಯ ಕಚೇರಿಗೆ ಹೋದರು, ನಾನೂ ಜೊತೆಗಿದ್ದೆ. ಹಳೆಯ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಕಡತ ತಿರುವಿ, ನಿಮ್ಮೂರಿನ ಹಿಡುವಳಿದಾರರಿಂದ ಒಂದೂ ತಕರಾರು ಬಂದಿಲ್ಲವಲ್ಲ, ಎಲ್ಲರಿಗೂ ಸಮ್ಮತಿ ಇದೆ ಎಂದು ಹಿಂದಿನವರು ಬರೆದಿದ್ದಾರಲ್ಲ ಎಂದರು. ತಂದೆ ನೆಟ್ಟಗೆ ನಿಂತು, ಹಿಂದಿನ ಸಾಹೇಬರು ಚಾವಡಿಯಲ್ಲಿ ಎಲೆ ತೆಗೆದುಕೊಂಡಿದ್ದರು ಎಂದರು. ಗುಮಾಸ್ತರೊಬ್ಬರು ಪಕ್ಕದ ಮೇಜಿನವರಿಗೆ ಏನೋ ಹೇಳಿದರು, ಇಬ್ಬರೂ ನಕ್ಕರು. ಸಾಹೇಬರು ನಗಲಿಲ್ಲ. "ಯಾವ ಎಲೆ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೋಟು ಹಾಕಿಕೊಂಡು ಹೋಗಿದ್ದ ನಮ್ಮ ತಂದೆ ಆ ಪ್ರಶ್ನೆಗೆ ಉತ್ತರ ಹೇಳಲು ಬಾಯಿ ತೆರೆದು, ಮುಚ್ಚಿದರು. ಆಮೇಲೆ ಅವರು ಚಾವಡಿಯಲ್ಲಿ ಯಾರ ಮುಂದೆಯೂ ತಟ್ಟೆ ಇಡಲಿಲ್ಲ. ಸ್ವಲ್ಪ ಕಾಲಕ್ಕೆ ಪಟೇಲಿಕೆಯೂ ಹೋಯಿತು.

ನಾನು ಓದು ಮುಗಿಸಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರಾದೆ. ಪ್ರತಿ ವರ್ಷ ಅದೇ ಅಧ್ಯಾಯ. ಒಪ್ಪಂದದ ಹೊರಗೆ ನಿಂತವನ ಪಾಠವನ್ನು ನಾನು ಎರಡು ಸಾಲಿನಲ್ಲಿ ಮುಗಿಸಲಿಲ್ಲ. ಅದಕ್ಕೇ ಹೆಚ್ಚು ದಿನ ಕೊಟ್ಟೆ. ಮೇಷ್ಟ್ರಿಗೆ ಆಗಾಗ ಕಾಗದ ಬರೆಯುತ್ತಿದ್ದೆ. ಅವರ ಉತ್ತರದಲ್ಲಿ ಆ ಊರಿನ ಬಿಸಿಲು, ಜೋಳದ ರೊಟ್ಟಿ, ನನ್ನ ಆರೋಗ್ಯ, ಇವಿಷ್ಟೇ ಇರುತ್ತಿದ್ದವು. ನಾನು ಕೆದಕಿದ್ದಕ್ಕೆ ಎಂದೂ ಉತ್ತರವಿಲ್ಲ. ನಿವೃತ್ತರಾದ ಮೇಲೂ ಅವರು ಅಲ್ಲೇ ಉಳಿದರು. ಹೋಗಿ ನೋಡಬೇಕು, ಎದುರು ಕೂತು ಜಗಳವಾಡಬೇಕು ಎಂದುಕೊಂಡೇ ವರ್ಷಗಳು ಕಳೆದವು. ಕೊನೆಗೂ ಆ ಕಡೆಗೆ ಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿದಾಗ ಹೋದೆ. ಶಾಲೆಯ ಎದುರಿನ ಚಹಾ ಅಂಗಡಿಯವನು, ಸರ್ ಹೋದ ವರ್ಷ ತೀರಿಕೊಂಡರು ಎಂದ. ಅವನು ಅವರ ಶಿಷ್ಯ. ಬೆಂಗಳೂರಿನವನು ಎಂದು ತಿಳಿದು ಒಂದು ಕುರ್ಚಿ ಒರೆಸಿ ಕೊಟ್ಟ.

"ನಿಮ್ ಬೆಂಗ್ಳೂರ್ ಬಾಜೂಕ ಒಂದ್ ಊರ ಇತ್ತಂತ್ರಿ. ಅಲ್ಲಿ ಗೌಡ್ರು ಸರ್ಕಾರಕ್ಕ ಎಲಿಅಡಿಕಿ ಕೊಟ್ಟು ಮಾತ್ ತಗೊಂಡ್ರಂತ. ಭೂಮಿ ಹೋದ್ರೂ ಅವ್ರು ತಮ್ ಮಾತ್ ಬಿಡ್ಲಿಲ್ಲಂತ. ಸರ್ ವರ್ಸಾ ಹೇಳ್ತಿದ್ರು ನೋಡ್ರಿ."

ನಾನು ಕೇಳಿದೆ, ಆ ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದರಲ್ಲ, ಅವರ ವಿಷಯ ಏನು ಹೇಳುತ್ತಿದ್ದರು?

ಅವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಮಾಸ್ತರ? ಆ ಕಥಿಯೊಳಗ ಮಾಸ್ತರ ಯಾರೂ ಇದ್ದಿಲ್ಲಲ್ರಿ."

ಅವನಿಗೆ ನಿಜ ಹೇಳಲು ಹೊರಟೆ. ಹೇಳಲಿಲ್ಲ. ಚಹಾ ಕುಡಿಯದೆ ಎದ್ದು ಬಂದದ್ದು ನೆನಪಿದೆ. ನನ್ನ ತಂದೆಯನ್ನು ವರ್ಷವರ್ಷವೂ ಮಕ್ಕಳೆದುರು ಎತ್ತಿ ನಿಲ್ಲಿಸಿ, ತಮ್ಮನ್ನು ಆ ಕಥೆಯಿಂದ ಪೂರ್ತಿ ಅಳಿಸಿಹಾಕಿದ್ದರು ಆ ಮನುಷ್ಯ. ಅಷ್ಟು ಸಿಟ್ಟು ನನಗೆ ಕಚೇರಿಯ ಗುಮಾಸ್ತರ ಮೇಲೂ ಬಂದಿರಲಿಲ್ಲ.

ಗದ್ದೆಬಯಲಿಗೆ ಕಾರ್ಖಾನೆ ಬರಲೇ ಇಲ್ಲ. ಬೇಲಿ ಹಾಕಿದರು, ಕಾವಲಿಗೆ ಒಬ್ಬನನ್ನಿಟ್ಟರು, ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆಯಿತು. ಆಮೇಲೆ ಅದು ಯಾರುಯಾರದೋ ಕೈಗೆ ಹೋಗಿ ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ನಿಂತಿದೆ. ಪ್ರತಿ ಮಳೆಗಾಲದಲ್ಲಿ ಅದರ ನೆಲಮಾಳಿಗೆಗೆ ನೀರು ನುಗ್ಗುತ್ತದೆ. ಕಾರುಗಳು ಮುಳುಗುತ್ತವೆ. ಹಗಲಿಡೀ ಪಂಪು ಓಡುವ ಸದ್ದು ಮೇಲಿನ ಹೊಲದಲ್ಲಿ ಕಟ್ಟಿಸಿದ ನನ್ನ ಮನೆಗೆ ಕೇಳುತ್ತದೆ. ಈ ಸಲ ಅಲ್ಲಿನ ಸಂಘದ ಕಾರ್ಯದರ್ಶಿ, ಒಳ್ಳೆಯ ಹುಡುಗ, ನಾನು ಹಳಬ ಎಂದು ಕೇಳಿಕೊಂಡು ಬಂದಿದ್ದ. ಈ ನೀರು ಎಲ್ಲಿಂದ ಬರುತ್ತದೆ ಎಂದು ಅವನ ಪ್ರಶ್ನೆ. ಅದು ಕೆರೆಯ ಕೆಳಗಿನ ಗದ್ದೆ, ನೀರು ತನ್ನ ಜಾಗಕ್ಕೆ ಬರುತ್ತಿದೆ ಎಂದೆ. ಅವನು ನಂಬಲಿಲ್ಲ.

"ಆದ್ರೆ ಅಂಕಲ್, ಡಾಕ್ಯುಮೆಂಟ್ಸ್ ಎಲ್ಲಾ ಕ್ಲಿಯರ್ ಇದೆ. ಒಂದೇ ಒಂದು ಅಬ್ಜೆಕ್ಷನ್ ಇಲ್ಲ."

ಇತ್ತು ಎಂದೆ. ಒಂದಿತ್ತು. ಯಾರದು ಎಂದು ಕೇಳಿದ. ಹೆಸರು ಹೇಳಿದೆ. ಅವನಿಗೆ ಆ ಹೆಸರಿನಿಂದ ಏನೂ ಆಗಲಿಲ್ಲ, ಆಗುವುದಾದರೂ ಹೇಗೆ? ಫೋನು ಬಂತೆಂದು ಎದ್ದು ಹೋದ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷಗಳಾಗಿದ್ದವು... ಈ ನೀರಿನ ಸುದ್ದಿಯನ್ನು ಮೇಷ್ಟ್ರಿಗೆ ಹೇಳಿದ್ದರೆ ನಕ್ಕಿರುತ್ತಿದ್ದರು. ಆ ನಗು ನೋಡಿ ನಾನು ರೇಗಿರುತ್ತಿದ್ದೆ. ಈಗ ಸಿಟ್ಟು ಇದೆ, ಸಾಕಷ್ಟಿದೆ. ಎದುರಿಗೆ ಕೂತು ಅದನ್ನು ಕೇಳಿಸಿಕೊಳ್ಳುವವರಿಲ್ಲ.